ಪೆಸ್ಟೊ ಪಿಜ್ಜಾ: ಹಸಿರು ಕಪ್ಪಾಗದಂತೆ, ತಳ ಹಸಿ ಉಳಿಯದಂತೆ ಮಾಡುವ ಬಗೆ

ಬೇಸಿಲ್ ಎಲೆ, ಬೀಜ, ಚೀಸ್, ಎಣ್ಣೆ ಸೇರಿಸಿ ಕುಟ್ಟಿದ ಇಟಲಿಯ ಹಸಿರು ಚಟ್ನಿ ಪೆಸ್ಟೊ. ಅದಕ್ಕೆ ಬೆಂಕಿ ಆಗುವುದಿಲ್ಲ. ಪಿಜ್ಜಾಗೆ ಬೆಂಕಿ ಎಷ್ಟಿದ್ದರೂ ಸಾಲುವುದಿಲ್ಲ. ಮನೆಯಲ್ಲಿ ಪೆಸ್ಟೊ ಪಿಜ್ಜಾ ಕೆಡುವುದು ಹೆಚ್ಚಾಗಿ ಈ ಜಗಳದಿಂದಲೇ. ಟೊಮೆಟೊ ಸಾಸ್ ಹಚ್ಚಿದ ಹಾಗೆ ಪೆಸ್ಟೊವನ್ನು ದಪ್ಪಗೆ ಬಳಿದು 250 ಡಿಗ್ರಿಯ ಓಟಿಜಿಗೆ (ಮನೆಯಲ್ಲಿ ಬಳಸುವ ಚಿಕ್ಕ ಕರೆಂಟ್ ಓವನ್) ಇಟ್ಟರೆ ಎಂಟೇ ನಿಮಿಷಕ್ಕೆ ಎಲೆಹಸಿರು ಹೋಗಿ ಹೊಗೆಸೊಪ್ಪಿನ ಬಣ್ಣ ಬರುತ್ತದೆ, ಎಣ್ಣೆ ಬಿಟ್ಟುಕೊಂಡು ಅಂಚಿಗೆ ಹರಿಯುತ್ತದೆ, ಬಾಯಿಗೆ ಕಹಿ ಹತ್ತುತ್ತದೆ. ಪರಿಹಾರ ಸುಲಭ: ಪೆಸ್ಟೊವನ್ನು ಎರಡು ಪಾಲು ಮಾಡಿ. ಒಂದು ಪಾಲು ಚೀಸ್‌ನ ಅಡಿಯಲ್ಲಿ ತೆಳ್ಳಗೆ ಇರಲಿ, ಇನ್ನೊಂದು ಪಾಲು ಒಲೆಯಿಂದ ತೆಗೆದ ಮೇಲೆ ಹಸಿಯಾಗಿಯೇ ಬೀಳಲಿ. ಕೆಳಗಿನ ಅಳತೆಗಳೆಲ್ಲ ಈ ಲೆಕ್ಕದಲ್ಲೇ ಇವೆ. 24 ಸೆಂಟಿಮೀಟರ್ ಅಗಲದ ಎರಡು ಪಿಜ್ಜಾಗೆ ಸಾಕಾಗುತ್ತವೆ.

ಮೊದಲು ಎಲೆ

ಪೆಸ್ಟೊ ಹುಟ್ಟಿದ್ದು ಇಟಲಿಯ ಲಿಗೂರಿಯಾ ಸೀಮೆಯ ಜೆನೋವಾ ಊರಿನಲ್ಲಿ. ಹೆಸರಿನ ಅರ್ಥವೇ ಕುಟ್ಟಿದ್ದು. ಅಲ್ಲಿ ಬಳಸುವ ಬೇಸಿಲ್ ನಮ್ಮ ತುಳಸಿಯ ಕುಲದ್ದೇ, ಆದರೆ ತುಳಸಿಯಲ್ಲ. ತುಳಸಿ ಎಲೆಯಲ್ಲಿ ಲವಂಗದ ಖಾರವಿದೆ, ಅದರಿಂದ ಪೆಸ್ಟೊ ಮಾಡಿದರೆ ಕಷಾಯದ ರುಚಿ ಬರುತ್ತದೆ. ಪೂಜೆಯ ಗಿಡವನ್ನು ಅದಕ್ಕಾಗಿ ಬೋಳಿಸುವುದೂ ಬೇಡ.

ಕಾಮಕಸ್ತೂರಿಯ ವಿಷಯ ಸ್ವಲ್ಪ ಬೇರೆ. ಬೇಸಗೆಯಲ್ಲಿ ಶರಬತ್ತಿಗೆ ನೆನೆಸಿ ಹಾಕುವ ಸಬ್ಜಾ ಬೀಜ ಇದರದ್ದೇ, ಸಸ್ಯಶಾಸ್ತ್ರದ ಪ್ರಕಾರ ಇದೂ ಇಟಲಿಯ ಬೇಸಿಲ್ ಕೂಡ ಒಂದೇ ಜಾತಿ. ಆದರೆ ತಳಿ ಬೇರೆ, ಪರಿಮಳ ಬೇರೆ. ನಮ್ಮ ಕಾಮಕಸ್ತೂರಿಯಲ್ಲಿ ಸಾಮಾನ್ಯವಾಗಿ ಸೋಂಪಿನ ವಾಸನೆ ಮುಂದೆ ನಿಲ್ಲುತ್ತದೆ, ಎಲೆಯೂ ಚಿಕ್ಕದು, ಒರಟು. ಬೇರೆ ಸಿಗದಿದ್ದರೆ ಎಳೆಯ ಕುಡಿಗಳನ್ನು ಮಾತ್ರ ಆರಿಸಿ ಅರ್ಧಕ್ಕೆ ಅರ್ಧ ಬೆರೆಸಬಹುದು. ಪೂರ್ತಿ ಅದರಲ್ಲೇ ಮಾಡಿದರೆ ಪಿಜ್ಜಾ ಊಟದ ನಂತರದ ಸೋಂಪನ್ನು ನೆನಪಿಸುತ್ತದೆ.

ಬೇಸಿಲ್ ಎಲೆ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಕೋಲಾರದ ಸಂತೆಯಲ್ಲಿ ಹುಡುಕಿದರೆ ಸಿಗುವ ಭರವಸೆ ಇಲ್ಲ. ಹಾಗಾಗಿ ಕುಂಡದಲ್ಲಿ ಬೆಳೆಸಿಕೊಳ್ಳುವುದೇ ಒಳ್ಳೆಯದು. ನರ್ಸರಿಯಲ್ಲಿ ಸ್ವೀಟ್ ಬೇಸಿಲ್ ಬೀಜ ಎಂದು ಕೇಳಿ. ಬೀಜವನ್ನು ಮಣ್ಣಿನ ಮೇಲೆ ಚೆಲ್ಲಿ, ಬೀಜ ಮುಚ್ಚುವಷ್ಟೇ ಪುಡಿಗೊಬ್ಬರ ಉದುರಿಸಿದರೆ 5ರಿಂದ 10 ದಿನಕ್ಕೆ ಮೊಳಕೆ ಬರುತ್ತದೆ, 6ರಿಂದ 8 ವಾರಕ್ಕೆ ಎಲೆ ಕೀಳಬಹುದು. ಎರಡು ಪಿಜ್ಜಾಗೆ ಬೇಕಾಗುವ 50 ಗ್ರಾಂ ಎಲೆಗೆ ಚೆನ್ನಾಗಿ ಕವಲೊಡೆದ ಮೂರು ನಾಲ್ಕು ಗಿಡ ಬೇಕು. ಹೂವಿನ ತೆನೆ ಕಾಣಿಸಿದ ಕೂಡಲೇ ಚಿವುಟಿ. ಹೂ ಬಿಟ್ಟ ಗಿಡದ ಎಲೆ ಕಹಿಯಾಗುತ್ತದೆ, ಹೊಸ ಎಲೆಯೂ ಬರುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲು ಬೀಳದ ಜಾಗದಲ್ಲಿ ಕುಂಡ ಇಡಿ. ಈ ತಿಂಗಳುಗಳಲ್ಲಿ ಗಿಡಕ್ಕೆ ಹೂ ಬಿಡುವ ಆತುರ ಹೆಚ್ಚು.

ಕಿತ್ತ ಎಲೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಕೊತ್ತಂಬರಿ ಸೊಪ್ಪು ತಡೆದ ಹಾಗೆ ಇದು ತಂಪು ತಡೆಯುವುದಿಲ್ಲ, ರಾತ್ರಿ ಕಳೆಯುವುದರೊಳಗೆ ಕಪ್ಪು ಮಚ್ಚೆ ಬರುತ್ತದೆ. ದಂಟು ಸಮೇತ ಲೋಟದ ನೀರಿನಲ್ಲಿ ನಿಲ್ಲಿಸಿದರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ.

ಹಿಂದಿನ ದಿನ: ಹಿಟ್ಟು

ಮೈದಾ 270 ಗ್ರಾಂ, ನೀರು 165 ಗ್ರಾಂ, ಉಪ್ಪು 6 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ, ಆಲಿವ್ ಎಣ್ಣೆ 1 ಟೀ ಚಮಚ, ಸಕ್ಕರೆ ಅರ್ಧ ಟೀ ಚಮಚ. ಯೀಸ್ಟ್ 1 ಗ್ರಾಂ ಎಂದರೆ ಕಾಲು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಮಿಕ್ಕಿದ್ದನ್ನು ಲೋಟದಲ್ಲಿ ಅಳೆಯದೆ ತೂಗಿ. ಮೈದಾ ಒತ್ತಿ ತುಂಬಿದ ಲೋಟಕ್ಕೂ ಸಡಿಲ ತುಂಬಿದ ಲೋಟಕ್ಕೂ 30 ಗ್ರಾಂ ವ್ಯತ್ಯಾಸ ಬರುತ್ತದೆ, ಹಿಟ್ಟು ಒಮ್ಮೆ ಅಂಟಂಟು, ಒಮ್ಮೆ ಗಟ್ಟಿ ಆಗುವುದಕ್ಕೆ ಇದೇ ಕಾರಣ.

ಇಟಲಿಯ ನೇಪಲ್ಸ್ ಊರಿನ ಪಿಜ್ಜಾ ಹಿಟ್ಟಿಗೆ ಎಣ್ಣೆ, ಸಕ್ಕರೆ ಎರಡೂ ಬೀಳುವುದಿಲ್ಲವಲ್ಲ ಎಂದು ಗೊತ್ತಿದ್ದವರು ಕೇಳಬಹುದು. ಅಲ್ಲಿನ ಸೌದೆ ಒಲೆಯಲ್ಲಿ 430 ಡಿಗ್ರಿಗೂ ಮೇಲೆ ಶಾಖವಿರುತ್ತದೆ, 60ರಿಂದ 90 ಸೆಕೆಂಡಿಗೆ ಪಿಜ್ಜಾ ಬೆಂದು ಹೊರಬರುತ್ತದೆ. ನಮ್ಮ ಓಟಿಜಿಯಲ್ಲಿ ಎಂಟು ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಹಿಟ್ಟು ಒಣಗಿ ಬಿಸ್ಕತ್ತಾಗದಂತೆ ಎಣ್ಣೆ ತಡೆಯುತ್ತದೆ, ಕಡಿಮೆ ಶಾಖದಲ್ಲೂ ಕೆಂಪಗೆ ಬಣ್ಣ ಬರಲು ಸಕ್ಕರೆ ನೆರವಾಗುತ್ತದೆ.

ಮೈದಾ, ಯೀಸ್ಟ್, ಸಕ್ಕರೆ ಬೆರೆಸಿ, ನೀರು ಹಾಕಿ ಹಿಟ್ಟು ಒಣಗಿದ್ದು ಉಳಿಯದಷ್ಟು ಮಾತ್ರ ಕಲಸಿ ಮುಚ್ಚಿಡಿ. 20 ನಿಮಿಷ ಮುಟ್ಟಬೇಡಿ. ಒಬ್ಬಟ್ಟಿನ ಕಣಕ ಕಲಸಿದವರಿಗೆ ಇದು ಹೊಸದಲ್ಲ: ನೆನೆದ ಕಣಕ ತಾನಾಗಿ ಜಿಗುಟು ಕಟ್ಟುತ್ತದೆ. ಆಮೇಲೆ ಉಪ್ಪು, ಎಣ್ಣೆ ಸೇರಿಸಿ 8ರಿಂದ 10 ನಿಮಿಷ ನಾದಿ. ಅಂಗೈ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ತಿರುಗಿಸಿ. ಮೊದಲ ಮೂರು ನಿಮಿಷ ಕೈಗೆ ಅಂಟುತ್ತದೆ. ಆಗ ಮೈದಾ ಉದುರಿಸುತ್ತಾ ಹೋದರೆ ಹಿಟ್ಟು ಗಟ್ಟಿಯಾಗಿ ಪಿಜ್ಜಾ ಚಪಾತಿಯಾಗುತ್ತದೆ. ತಾಳ್ಮೆಯಿಂದ ನಾದಿದರೆ ಅಂಟು ತಾನಾಗಿ ಹೋಗಿ ಹಿಟ್ಟು ಕಿವಿಯ ಹಾಲೆಯಷ್ಟು ಮೆದುವಾಗುತ್ತದೆ. ನಿಂಬೆ ಗಾತ್ರದ ಹಿಟ್ಟನ್ನು ಎರಡೂ ಕೈಯ ಬೆರಳಲ್ಲಿ ನಿಧಾನವಾಗಿ ಅಗಲಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹರಿಯದೆ ಬೆರಳಿನ ನೆರಳು ಕಾಣುವಷ್ಟು ತೆಳುವಾದರೆ ನಾದಿದ್ದು ಸಾಕು.

ಈಗ ಒಂದು ಗಂಟೆ ಹೊರಗೆ, ನಂತರ 220 ಗ್ರಾಮಿನ ಎರಡು ಉಂಡೆ ಮಾಡಿ, ಎಣ್ಣೆ ಸವರಿದ ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿಗೆ. 24 ಗಂಟೆ ಇದ್ದರೆ ರುಚಿ, 48 ಗಂಟೆಯವರೆಗೂ ಆಗುತ್ತದೆ. ಏಪ್ರಿಲ್ ತಿಂಗಳಲ್ಲಿ ಅಡುಗೆಮನೆಯೇ 32 ಡಿಗ್ರಿ ಇರುವಾಗ ಫ್ರಿಜ್ಜಿನ ತಣ್ಣೀರಿನಲ್ಲಿ ಕಲಸಿ, ಹೊರಗೆ ಅರ್ಧ ಗಂಟೆ ಮಾತ್ರ ಇಡಿ. ಇಲ್ಲದಿದ್ದರೆ ದೋಸೆ ಹಿಟ್ಟು ಉಕ್ಕಿದ ಹಾಗೆ ಇದೂ ಉಕ್ಕಿ, ಹುಳಿವಾಸನೆ ಬಂದು, ತಟ್ಟುವಾಗ ಹರಿಯುತ್ತದೆ. ಡಿಸೆಂಬರ್ ಚಳಿಯಲ್ಲಿ ಉಗುರು ಬೆಚ್ಚಗಿನ ನೀರು ಬಳಸಿ.

ಅಂದೇ ಬೇಕೆಂದರೆ ಯೀಸ್ಟ್ 2 ಗ್ರಾಂ ಮಾಡಿ. ಎರಡರಷ್ಟು ಉಬ್ಬುವವರೆಗೆ ಎರಡರಿಂದ ಮೂರು ಗಂಟೆ ಸಾಕು. ತಿನ್ನಲು ಅಡ್ಡಿಯಿಲ್ಲ, ಆದರೆ ರಾತ್ರಿ ಕಳೆದ ಹಿಟ್ಟಿನ ಪರಿಮಳ ಬರುವುದಿಲ್ಲ. ಯೀಸ್ಟ್ ಪೊಟ್ಟಣ ಒಡೆದು ತಿಂಗಳುಗಳಾಗಿದ್ದರೆ, ಅರ್ಧ ಲೋಟ ಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಚಿಟಿಕೆ ಯೀಸ್ಟ್ ಹಾಕಿ ನೋಡಿ. 10 ನಿಮಿಷಕ್ಕೆ ನೊರೆ ಏಳದಿದ್ದರೆ ಅದು ಸತ್ತಿದೆ.

ರಾಗಿ ಸೇರಿಸುವ ಆಸೆ ಇದ್ದರೆ 270 ಗ್ರಾಮಿನಲ್ಲಿ 25 ಗ್ರಾಂ ಮೈದಾ ತೆಗೆದು ಅಷ್ಟೇ ರಾಗಿ ಹಿಟ್ಟು ಹಾಕಿ, ನೀರು 8 ಗ್ರಾಂ ಹೆಚ್ಚಿಸಿ. ಅದಕ್ಕಿಂತ ಮುಂದೆ ಹೋಗಬೇಡಿ. ರಾಗಿಯಲ್ಲಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಇಲ್ಲ, ಹಿಟ್ಟು ಎಳೆಯುವಾಗ ಬಿರಿಯುತ್ತದೆ.

ಪೆಸ್ಟೊ ಕುಟ್ಟುವುದು

ಬೇಸಿಲ್ ಎಲೆ 50 ಗ್ರಾಂ (ದಂಟು ತೆಗೆದು), ಗೋಡಂಬಿ 20 ಗ್ರಾಂ, ಬೆಳ್ಳುಳ್ಳಿ ಒಂದು ಸಣ್ಣ ಎಸಳು, ಕಲ್ಲುಪ್ಪು ಅರ್ಧ ಟೀ ಚಮಚಕ್ಕಿಂತ ಕಡಿಮೆ, ತುರಿದ ಪಾರ್ಮೆಸಾನ್ ಬಗೆಯ ಗಟ್ಟಿ ಚೀಸ್ 40 ಗ್ರಾಂ, ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ 45 ಮಿಲಿ. ಪಾಸ್ತಾಗಾದರೆ ಎಣ್ಣೆ 60 ಮಿಲಿ ಬೇಕಾಗುತ್ತಿತ್ತು. ಪಿಜ್ಜಾಗೆ ಬೇಡ, ಹೆಚ್ಚಿದ್ದೆಲ್ಲ ಒಲೆಯಲ್ಲಿ ಹೊರಬಂದು ಕೊಚ್ಚೆಯಾಗುತ್ತದೆ.

ಜೆನೋವಾದವರು ಹಾಕುವುದು ಪೈನ್ ಬೀಜ. ಇಲ್ಲಿ ಅದು ಸಿಗುವುದೂ ಕಷ್ಟ, ಬೆಲೆಯೂ ದುಬಾರಿ. ಅದರ ಮೆದು ಬೆಣ್ಣೆರುಚಿಗೆ ಹತ್ತಿರ ಬರುವುದು ಹುರಿಯದ ಗೋಡಂಬಿ. ಪಾವಗಡ, ಶಿರಾ ಕಡೆಯ ಒಳ್ಳೆಯ ಕಡಲೆಕಾಯಿ ಬೀಜ ಕೈಯಲ್ಲೇ ಇರುವಾಗ ಅದನ್ನೇ ಏಕೆ ಹಾಕಬಾರದು ಎನಿಸುತ್ತದೆ. ಹಾಕಬಹುದು, ಹೊಟ್ಟು ತೆಗೆದು 10 ಗ್ರಾಂ ಮಾತ್ರ, ಉಳಿದದ್ದು ಗೋಡಂಬಿ. ಪೂರ್ತಿ ಅದನ್ನೇ ಹಾಕಿದರೆ ಎಲೆಯ ಪರಿಮಳ ಅಡಗಿ, ತಿನ್ನುವಾಗ ಚಟ್ನಿಯೇ ನೆನಪಾಗುತ್ತದೆ. ಗಾಣದ ಕಡಲೆಕಾಯಿ ಎಣ್ಣೆಗೂ ಇದೇ ಮಾತು. ಆಲಿವ್ ಎಣ್ಣೆ ದುಬಾರಿ ಎನಿಸಿದರೆ ಅರ್ಧ ಪಾಲು ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ ಬೆರೆಸಿ.

ಚೀಸ್ ಬಗ್ಗೆ ಸಸ್ಯಾಹಾರಿಗಳು ಎಚ್ಚರವಹಿಸಬೇಕಾದ ಸಂಗತಿಯೊಂದಿದೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಸಸ್ಯಾಹಾರವಲ್ಲ. ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಹಾಕಿದ ಪಾರ್ಮೆಸಾನ್ ಬಗೆಯ ಚೀಸ್ ಇಲ್ಲೇ ಸಿಗುತ್ತದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳಿ. ಸ್ಯಾಂಡ್‌ವಿಚ್ಚಿನ ಪ್ರಾಸೆಸ್ಡ್ ಚೀಸ್ ಕ್ಯೂಬ್ ಮಾತ್ರ ಬೇಡವೇ ಬೇಡ. ಅದರಲ್ಲಿರುವ ಲವಣಗಳಿಂದ ಪೆಸ್ಟೊ ಗೋಂದಿನಂತೆ ಆಗುತ್ತದೆ.

ಕುಟ್ಟುವುದಕ್ಕೆ ಕಲ್ಲಿನ ಕುಟ್ಟಾಣಿಯಷ್ಟು ಒಳ್ಳೆಯದು ಇಲ್ಲ. ಜೆನೋವಾದಲ್ಲೂ ಅಮೃತಶಿಲೆಯ ಒರಳು, ಮರದ ಗುಂಡು. ಶುಂಠಿ, ಮೆಣಸು ಕುಟ್ಟಿ ವಾಸನೆ ಹಿಡಿದ ಕುಟ್ಟಾಣಿಯಾದರೆ ಮೊದಲು ಒಂದು ಹಿಡಿ ಅಕ್ಕಿ ಕುಟ್ಟಿ ಚೆಲ್ಲಿ, ತೊಳೆದು ಒರೆಸಿ. ಎಲೆಯೂ ತೊಳೆದ ಮೇಲೆ ಬಟ್ಟೆಯ ಮೇಲೆ ಪೂರ್ತಿ ಆರಬೇಕು. ನೀರು ಉಳಿದರೆ ಪೆಸ್ಟೊ ಬೇಗ ಕೆಡುತ್ತದೆ, ಪಿಜ್ಜಾ ತಳವನ್ನೂ ನೆನೆಸುತ್ತದೆ.

ಬೆಳ್ಳುಳ್ಳಿಯನ್ನೂ ಎರಡು ಹರಳು ಉಪ್ಪನ್ನೂ ಮೊದಲು ನುಣ್ಣಗೆ ಮಾಡಿ, ಗೋಡಂಬಿ ಸೇರಿಸಿ ಬೆಣ್ಣೆಯಾಗಿಸಿ. ಆಮೇಲೆ ಎಲೆ, ಒಂದೊಂದು ಹಿಡಿಯಂತೆ, ಉಳಿದ ಉಪ್ಪಿನ ಜೊತೆ. ಇಲ್ಲಿ ಮೇಲಿಂದ ಜಜ್ಜಬೇಡಿ. ಗುಂಡನ್ನು ಒರಳಿನ ಗೋಡೆಗೆ ಒತ್ತಿ ಸುತ್ತು ತಿರುಗಿಸಿ. ಉಪ್ಪಿನ ಹರಳು ಮರಳಿನಂತೆ ಕರಕರ ಎನ್ನುತ್ತಾ ಎಲೆಯನ್ನು ಹರಿಯುತ್ತದೆ, ಎರಡನೇ ಹಿಡಿ ಹಾಕುವಷ್ಟರಲ್ಲಿ ಆ ಸದ್ದು ನಿಂತು, ಒರಳಿನ ತಳದಲ್ಲಿ ಹೊಳೆಯುವ ಹಸಿರು ರಸ ಕೂಡಿಕೊಳ್ಳುತ್ತದೆ, ಘಮ ಇಡೀ ಅಡುಗೆಮನೆಗೆ ಹರಡುತ್ತದೆ. 10 ನಿಮಿಷದೊಳಗೆ ಮುಗಿಸಿ. ನಿಧಾನ ಮಾಡಿದಷ್ಟೂ ಗಾಳಿ ತಾಗಿ ಕಪ್ಪಾಗುತ್ತದೆ. ಕೊನೆಗೆ ಚೀಸ್, ನಂತರ ಎಣ್ಣೆಯನ್ನು ಚಮಚದಲ್ಲಿ ಕಲಸಿ.

ಮಿಕ್ಸಿಯಲ್ಲಿ ಮಾಡುವವರು ಜಾರನ್ನೂ ಬ್ಲೇಡನ್ನೂ 20 ನಿಮಿಷ ಫ್ರೀಜರಿನಲ್ಲಿ ಇಟ್ಟು, ಎರಡು ಸೆಕೆಂಡಿಗೊಮ್ಮೆ ನಿಲ್ಲಿಸುತ್ತಾ ತಿರುಗಿಸಿ. ಸತತ ತಿರುಗಿಸಿದರೆ ಬ್ಲೇಡಿನ ಬಿಸಿಗೆ ಎಲೆ ಕಪ್ಪಾಗುತ್ತದೆ. ಆಲಿವ್ ಎಣ್ಣೆಯನ್ನು ಮಿಕ್ಸಿಗೆ ಹಾಕದೆ ಕೊನೆಗೆ ಕೈಯಲ್ಲಿ ಬೆರೆಸಿ, ವೇಗವಾಗಿ ತಿರುಗಿದ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಗೆ ಕಹಿ ಬರುತ್ತದೆ. ಬಣ್ಣ ಉಳಿಯಲೆಂದು ನಿಂಬೆರಸ ಹಿಂಡುವ ಅಭ್ಯಾಸವೂ ಬೇಡ. ಹುಳಿ ತಾಗಿದ ಎಲೆಹಸಿರು ಮಂಕಾಗುತ್ತದೆ, ಹುಳಿಗೆ ಹಾಕಿದ ಸೊಪ್ಪು ಬಣ್ಣಗೆಡುವ ಹಾಗೆ. ಬಣ್ಣವೇ ಮುಖ್ಯವಾದರೆ ಎಲೆಯನ್ನು ಕುದಿಯುವ ನೀರಿನಲ್ಲಿ 10 ಸೆಕೆಂಡು ಅದ್ದಿ ಐಸ್ ನೀರಿಗೆ ಹಾಕಿ, ಹಿಂಡಿ ಒರೆಸಿ ಬಳಸಬಹುದು; ಕಪ್ಪಾಗಿಸುವ ಕಿಣ್ವ ಆ ಬಿಸಿಗೆ ಸಾಯುತ್ತದೆ. ಪರಿಮಳ ಒಂದು ಪಾಲು ಹೋಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಮಾಡಬೇಕು.

ಇದರಿಂದ ಸುಮಾರು 150 ಗ್ರಾಂ ಪೆಸ್ಟೊ ಬರುತ್ತದೆ. ಒಂದು ಪಿಜ್ಜಾಗೆ ಕೆಳಗೆ 30 ಗ್ರಾಂ, ಮೇಲೆ 25 ಗ್ರಾಂ. ಮಿಕ್ಕಿದ್ದರ ಮೇಲೆ ಎಣ್ಣೆ ನಿಲ್ಲಿಸಿ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಹೆಚ್ಚು ದಿನಕ್ಕಾದರೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಇಡಿ. ಉಪ್ಪಿನಕಾಯಿಯಂತೆ ಹೊರಗೆ ಮಾತ್ರ ಇಡಬೇಡಿ, ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯಲ್ಲಿ ಬಾಟ್ಯುಲಿಸಂ ಎಂಬ ಅಪಾಯಕಾರಿ ಆಹಾರವಿಷ ತರುವ ರೋಗಾಣು ಬೆಳೆಯಬಹುದು.

ಮೇಲೆ ಏನು ಹಾಕಬೇಕು

ಮೊಜರೆಲ್ಲಾ, ಪಿಜ್ಜಾ ಒಂದಕ್ಕೆ 90 ಗ್ರಾಂ. ಗಟ್ಟಿಯಾಗಿ ಪೊಟ್ಟಣದಲ್ಲಿ ಬರುವುದನ್ನು ತುರಿಯಿರಿ. ನೀರಿನಲ್ಲಿ ತೇಲುವ ತಾಜಾ ಮೊಜರೆಲ್ಲಾ ಆದರೆ ಹರಿದು ಜರಡಿಯಲ್ಲಿ ಒಂದು ಗಂಟೆ ನೀರು ಸೋರಿಸಿ. ಪನೀರ್ ಕರಗುವುದಿಲ್ಲ. ಕುದಿಸಿದ ಹಾಲನ್ನು ಹುಳಿ ಹಾಕಿ ಒಡೆಸಿದ್ದರಿಂದ ಅದು ಎಷ್ಟು ಕಾಯಿಸಿದರೂ ತುಂಡಾಗಿಯೇ ಉಳಿಯುತ್ತದೆ.

ತರಕಾರಿಗೆ ನಮ್ಮ ಮೊದಲ ಆಯ್ಕೆ ಆಲೂಗಡ್ಡೆ ಮತ್ತು ಹುರುಳಿಕಾಯಿ. ಪಲ್ಯದ ಜೋಡಿಯನ್ನು ಪಿಜ್ಜಾಗೆ ತಂದಂತೆ ಕಾಣಬಹುದು, ಆದರೆ ಲಿಗೂರಿಯಾದಲ್ಲೇ ಪೆಸ್ಟೊ ಪಾಸ್ತಾವನ್ನು ಇವೆರಡರ ಜೊತೆ ಬೇಯಿಸುವ ವಾಡಿಕೆ ಇದೆ. ಎರಡೂ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಬೆಳೆಯುವಂಥವು, ತಾಜಾ ಸಿಗುತ್ತವೆ. ಒಂದು ಸಾಧಾರಣ ಆಲೂಗಡ್ಡೆಯನ್ನು 3 ಮಿಲಿಮೀಟರ್ ಬಿಲ್ಲೆ ಮಾಡಿ, ಎಂಟು ಎಳೆ ಹುರುಳಿಕಾಯಿ ಸೇರಿಸಿ ಉಪ್ಪುನೀರಿನಲ್ಲಿ 4 ನಿಮಿಷ ಬೇಯಿಸಿ, ಬಟ್ಟೆಯ ಮೇಲೆ ಒಣಗಿಸಿ, ಅರ್ಧ ಚಮಚ ಎಣ್ಣೆ ಸವರಿ. ಎರಡು ಪಿಜ್ಜಾಗೂ ಅಷ್ಟೇ ಸಾಕು.

ಕೋಲಾರದಂಥ ಟೊಮೆಟೊ ಊರಿನವರಿಗೆ ಟೊಮೆಟೊ ಇಲ್ಲದಿದ್ದರೆ ಸಪ್ಪೆ ಎನಿಸಬಹುದು. ರಸ ಹೆಚ್ಚಿರುವ ನಾಟಿ ಟೊಮೆಟೊ ಸಾರಿಗೆ ಇರಲಿ. ಇಲ್ಲಿಗೆ ತಿರುಳು ದಪ್ಪಗಿರುವ ಹೈಬ್ರಿಡ್ ಹಣ್ಣೇ ಸರಿ. ಬೀಜ ತೆಗೆದು ತೆಳ್ಳಗೆ ಹೆಚ್ಚಿ, ಉಪ್ಪು ಚಿಮುಕಿಸಿ 15 ನಿಮಿಷ ಜರಡಿಯಲ್ಲಿ ಬಿಟ್ಟು, ಒತ್ತಿ ಒರೆಸಿ, ಪಿಜ್ಜಾಗೆ ಆರೇಳು ಬಿಲ್ಲೆ ಚೀಸ್ ಮೇಲೆ ಇಡಿ. ದಪ್ಪ ಮೆಣಸಿನಕಾಯಿ, ಈರುಳ್ಳಿ, ಜೋಳ ಎಲ್ಲವನ್ನೂ ರಾಶಿ ಹಾಕುವುದು ಬೇಡ. ಅವುಗಳ ನೀರಿಗೆ ನಡುಭಾಗ ಬೇಯುವುದಿಲ್ಲ, ಬೇಸಿಲ್ ಅಷ್ಟರ ನಡುವೆ ಕಳೆದುಹೋಗುತ್ತದೆ.

ತಟ್ಟುವುದು, ಬೇಯಿಸುವುದು

ಉಂಡೆಯನ್ನು ಫ್ರಿಜ್ಜಿನಿಂದ ಎರಡು ಗಂಟೆ ಮೊದಲೇ ತೆಗೆದಿಡಿ. ತಣ್ಣಗಿನ ಹಿಟ್ಟು ಎಳೆದಷ್ಟೂ ಹಿಂದಕ್ಕೆ ಸೇರುತ್ತದೆ. ಆಗ ಬಲವಂತ ಮಾಡದೆ 10 ನಿಮಿಷ ಬಿಟ್ಟು ಮತ್ತೆ ಎಳೆಯಿರಿ. ಚಿರೋಟಿ ರವೆ ಉದುರಿಸಿದ ಕಟ್ಟೆಯ ಮೇಲೆ ಉಂಡೆ ಇಟ್ಟು, ನಡುವಿನಿಂದ ಹೊರಕ್ಕೆ ಬೆರಳ ತುದಿಯಲ್ಲಿ ಒತ್ತುತ್ತಾ ಬನ್ನಿ, ಅಂಚಿನ ಒಂದೂವರೆ ಸೆಂಟಿಮೀಟರ್ ಮುಟ್ಟಬೇಡಿ. ಗಾಳಿ ಆ ಅಂಚಿಗೆ ಸರಿದು ಒಲೆಯಲ್ಲಿ ಉಬ್ಬುತ್ತದೆ. ಲಟ್ಟಣಿಗೆ ಆಡಿಸಿದರೆ ಒಂದು ದಿನವಿಡೀ ಕಟ್ಟಿದ ಗಾಳಿ ಒಂದೇ ಉರುಳಿಗೆ ಹೋಗುತ್ತದೆ.

ಓಟಿಜಿಯಲ್ಲಿ ದೊಡ್ಡ ಕೊರತೆ ತಳದ ಶಾಖ. ಅದನ್ನು ತುಂಬಲು ಹಿಡಿಯಿಲ್ಲದ ಕಬ್ಬಿಣದ ದೋಸೆ ಕಾವಲಿಯನ್ನು ಬೋರಲು ಹಾಕಿ, ಮೇಲಿನಿಂದ ಎರಡನೇ ತಂತಿಯ ಮೇಲಿಡಿ. ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ 250 ಡಿಗ್ರಿಯಲ್ಲಿ 40 ನಿಮಿಷ ಕಾಯಿಸಿ. ದೀಪ ಆರಿದ ಕೂಡಲೇ ಪಿಜ್ಜಾ ಇಡುವುದು ಸಾಮಾನ್ಯ ತಪ್ಪು. ಆಗ ಬಿಸಿಯಾಗಿರುವುದು ಒಳಗಿನ ಗಾಳಿ, ಕಬ್ಬಿಣವಲ್ಲ. ಮನೆ ಕಟ್ಟಿದಾಗ ಉಳಿದ ಕಡಪ ಕಲ್ಲನ್ನೋ ಪಾಲಿಷ್ ಗ್ರಾನೈಟನ್ನೋ ಪಿಜ್ಜಾ ಕಲ್ಲಾಗಿ ಬಳಸಬೇಡಿ. ಆ ಶಾಖಕ್ಕೆ ಸೀಳಬಹುದು.

ತಟ್ಟಿದ ಹಿಟ್ಟನ್ನು ಬೇಕಿಂಗ್ ಪೇಪರ್ ಮೇಲೆ ಇಟ್ಟು (ಪೇಪರ್ ತಡೆಯುವ ಶಾಖ ಎಷ್ಟೆಂದು ಪೊಟ್ಟಣದಲ್ಲಿ ನೋಡಿ; ಮಿಕ್ಕ ಅಂಚು ಕತ್ತರಿಸಿ, ರಾಡಿಗೆ ತಾಗಬಾರದು) 30 ಗ್ರಾಂ ಪೆಸ್ಟೊವನ್ನು ಚಮಚದ ಬೆನ್ನಿನಲ್ಲಿ ಸವರಿ. ಹಿಟ್ಟಿನ ಬಿಳಿ ಅಲ್ಲಲ್ಲಿ ಕಾಣಬೇಕು, ಅಷ್ಟು ತೆಳ್ಳಗೆ. ಅದರ ಮೇಲೆ ಮೊಜರೆಲ್ಲಾ, ಹಸಿರು ಎಲ್ಲೂ ಬಯಲಾಗದಂತೆ. ಕರಗುವ ಚೀಸ್‌ನ ತೇವ ಇರುವವರೆಗೆ ಅದರ ಅಡಿಯ ಪೆಸ್ಟೊ ನೀರು ಕುದಿಯುವ ಶಾಖವನ್ನು ದಾಟುವುದಿಲ್ಲ. ಬಣ್ಣ ಸ್ವಲ್ಪ ಮಾಸಿದರೂ ಸುಡುವುದಿಲ್ಲ. ಮುಚ್ಚದೆ ಬಿಟ್ಟ ಚುಕ್ಕೆಯೊಂದೊಂದೂ ಕಪ್ಪಾಗುತ್ತದೆ. ನಂತರ ತರಕಾರಿ ಹರಡಿ, ತಟ್ಟೆಯ ಬೆನ್ನಿನ ಮೇಲಿಟ್ಟುಕೊಂಡು ಕಾವಲಿಯ ಮೇಲೆ ಜಾರಿಸಿ. 4 ನಿಮಿಷಕ್ಕೆ ಪೇಪರ್ ಎಳೆದು, ಪಿಜ್ಜಾ ಅರ್ಧ ಸುತ್ತು ತಿರುಗಿಸಿ, ಇನ್ನೂ 3ರಿಂದ 4 ನಿಮಿಷ. ಅಂಚು ಕೆಂಪಗಾಗಿ, ಸಟ್ಟುಗದಲ್ಲಿ ಎತ್ತಿ ನೋಡಿದರೆ ತಳದಲ್ಲಿ ದೋಸೆಯ ಕಂದು ಮಚ್ಚೆ ಇರಬೇಕು. ತಳ ಬೆಂದು ಮೇಲ್ಭಾಗ ಪೇಲವವಾಗಿದ್ದರೆ ಕೊನೆಯ ಒಂದು ನಿಮಿಷ ಮೇಲಿನ ರಾಡ್ ಮಾತ್ರ ಹಾಕಿ.

ಕರೆಂಟ್ ಹೋದರೆ, ಇಲ್ಲವೇ ಓಟಿಜಿಯೇ ಇಲ್ಲದಿದ್ದರೆ, ಗ್ಯಾಸಿನ ಮೇಲೆ ಕಬ್ಬಿಣದ ಕಾವಲಿ. ಇದಕ್ಕೆ 150 ಗ್ರಾಮಿನ ಸಣ್ಣ ಉಂಡೆ ಮಾಡಿ 20 ಸೆಂಟಿಮೀಟರಿಗೆ ತಟ್ಟಿ. ಕಾದ ಕಾವಲಿಗೆ ಬರಿ ಹಿಟ್ಟನ್ನು ಹಾಕಿ ಮಧ್ಯಮ ಉರಿಯಲ್ಲಿ 2 ನಿಮಿಷ, ಮೇಲೆ ಗುಳ್ಳೆ ಎದ್ದ ಮೇಲೆ ಮಗುಚಿ. ಬೆಂದ ಮಗ್ಗುಲಿಗೆ ಪೆಸ್ಟೊ, ಚೀಸ್, ತರಕಾರಿ ಹಾಕಿ, ಎತ್ತರದ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 4 ನಿಮಿಷ. ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ಹಬೆಯ ನೀರು ಪಿಜ್ಜಾ ಮೇಲೆ ತೊಟ್ಟಿಕ್ಕುವುದಿಲ್ಲ. ಬಟ್ಟೆಯ ತುದಿ ಉರಿಗೆ ಇಳಿಬೀಳದಂತೆ ಮೇಲೆ ಗಂಟು ಹಾಕಿ. ಚೀಸ್ ಕೆಂಪಗಾಗುವುದಿಲ್ಲ, ಆದರೆ ಶಾಖ ಕಡಿಮೆಯಾದ್ದರಿಂದ ಪೆಸ್ಟೊದ ಹಸಿರು ಓಟಿಜಿಗಿಂತ ಇದರಲ್ಲೇ ಚೆನ್ನಾಗಿ ಉಳಿಯುತ್ತದೆ. ನಾನ್‌ಸ್ಟಿಕ್ ತವಾ ಇದಕ್ಕೆ ಬೇಡ, ಖಾಲಿ ತವಾವನ್ನು ಅಷ್ಟು ಕಾಯಿಸಿದರೆ ಲೇಪನ ಕೆಡುತ್ತದೆ.

ಎರಡನೇ ಪಾಲು

ಒಲೆಯಿಂದ ತೆಗೆದ ಪಿಜ್ಜಾವನ್ನು ನೇರ ತಟ್ಟೆಗೆ ಹಾಕದೆ ತಂತಿ ಜಾಲರಿಯ ಮೇಲೆ ಒಂದು ನಿಮಿಷ ಇಡಿ. ತಟ್ಟೆಯ ಮೇಲೆ ಹಬೆ ಸಿಕ್ಕಿಕೊಂಡು ಗರಿಗರಿ ತಳ ಮೆತ್ತಗಾಗುತ್ತದೆ. ಚೀಸ್ ಕುದಿಯುವುದು ನಿಂತು ಮೇಲ್ಮೈ ಹೊಳಪು ತಗ್ಗಿದಾಗ ಉಳಿಸಿಟ್ಟ 25 ಗ್ರಾಂ ಪೆಸ್ಟೊವನ್ನು ಸಣ್ಣ ಚಮಚದಲ್ಲಿ ಅಲ್ಲಲ್ಲಿ ಹನಿಸಿ. ಹರಡಬೇಡಿ. ಬಿಸಿ ಚೀಸ್ ಮೇಲೆ ಬಿದ್ದ ಹನಿಯ ಅಂಚಿನಿಂದ ಎಣ್ಣೆ ಮೆಲ್ಲಗೆ ಬಿಟ್ಟುಕೊಳ್ಳುತ್ತದೆ, ನಡುವೆ ಹಸಿರು ಹಾಗೆಯೇ ನಿಲ್ಲುತ್ತದೆ, ಅದರ ಘಮ ಆ ಬಿಸಿಗೇ ಏಳುತ್ತದೆ. ಆರು ತುಂಡು ಮಾಡಿ ತಕ್ಷಣ ಬಡಿಸಿ. ಎರಡನೇ ಪಿಜ್ಜಾ ಇಡುವ ಮೊದಲು ಕಾವಲಿಯನ್ನು ಮತ್ತೆ 10 ನಿಮಿಷ ಕಾಯಿಸಿಕೊಳ್ಳಿ.